ದೀಪಕ್ಕೊಂದು ಸ್ನಾನ

ಮಲೆನಾಡಿನಲ್ಲಿ ಹಳೇ ಜೀಪು ಇಟ್ಟುಕೊಂಡವರಿಗೆ ಎರಡು ಚಟ ತಪ್ಪಿದ್ದಲ್ಲ. ಒಂದು, ಬಿಡುವಾದಾಗೆಲ್ಲ ಬಾನೆಟ್ ಎತ್ತಿ ಸುಮ್ಮನೆ ಒಳಗೆ ನೋಡುತ್ತಾ ನಿಲ್ಲುವುದು. ಇನ್ನೊಂದು, ನೋಡಿದ ಮೇಲೆ ಸುಮ್ಮನಿರಲಾರದೆ ಏನನ್ನಾದರೂ ಬಿಚ್ಚುವುದು. ನನಗೆ ಎರಡೂ ಅಂಟಿಕೊಂಡು ವರ್ಷಗಳಾದವು. ನಮ್ಮ ಮನೆಯವರು ಇದನ್ನು ಕೆಲಸವೆಂದು ಇವತ್ತಿಗೂ ಒಪ್ಪಿಲ್ಲ. ಕಾಫಿ ಕೊಯ್ಲು ಕೆಲಸ, ಮೆಣಸು ಬಿಡಿಸುವುದು ಕೆಲಸ. ಪಾನಾ ಹಿಡಿದು ಜೀಪಿನಡಿ ಅಂಗಾತ ಮಲಗುವುದು ಮಾತ್ರ ಅವರ ಲೆಕ್ಕದಲ್ಲಿ ನಿದ್ದೆಯಲ್ಲೇ ಇನ್ನೊಂದು ಬಗೆ.

ಈ ಬಗೆಯ ನಿದ್ದೆಯಲ್ಲಿ ನನಗೆ ದಕ್ಕಿದ ಸುಖಗಳಲ್ಲಿ ಮೇಲುಗೈ ಹೆಡ್‌ಲೈಟ್ ವಾಷರಿನದು. ಬಂಪರಿನ ಮೇಲೆ ಎರಡು ಪುಟ್ಟ ನಾಜಲ್, ಒಳಗೊಂದು ನೀರಿನ ಟ್ಯಾಂಕು, ಡ್ಯಾಶ್‌ಬೋರ್ಡಿನಲ್ಲೊಂದು ಗುಂಡಿ. ಒತ್ತಿದರೆ ದೀಪಗಳ ಮುಖಕ್ಕೆ ನೀರು ರಪ್ಪನೆ ಹೊಡೆಯುತ್ತದೆ. ಇದ್ದದ್ದೇ ಇಷ್ಟು. ಇಷ್ಟಕ್ಕಾಗಿ ಪಟ್ಟ ಪಾಡನ್ನು ನೋಡಿ ಪಕ್ಕದ ತೋಟದ ಗೌಡ್ರು ಬೇಲಿಯಾಚೆಯಿಂದಲೇ ಕೇಳಿದರು: “ಏನ್ ಮಾರಾಯಾ, ಈ ಮಳೇಲಿ ದೀಪ ತೊಳ್ಯೋಕೆ ಪಂಪ್ ಬೇರೆ ಬೇಕಾ ನಿಂಗೆ? ಆಕಾಶವೇ ತೂತು ಬಿದ್ದಂಗೆ ಸುರೀತಿದೆ, ಅದು ಸಾಲ್ದಾ?”

ನ್ಯಾಯವಾದ ಪ್ರಶ್ನೆಯೇ. ಆದರೆ ಜೋರು ಮಳೆಯಲ್ಲಿ ದೀಪ ಅಷ್ಟೊಂದು ಕೊಳೆಯಾಗುವುದಿಲ್ಲ. ಮಳೆ ಹೊಳವಾಗಿ ರಸ್ತೆ ಇನ್ನೂ ಒದ್ದೆಯಿರುತ್ತದಲ್ಲ, ಆಗ ನೋಡಬೇಕು. ಮುಂದೆ ಹೋಗುವ ಲಾರಿಯ ಚಕ್ರಗಳು ಡೀಸೆಲ್, ಟಯರಿನ ಕಪ್ಪು, ಕೆಮ್ಮಣ್ಣು ಎಲ್ಲವನ್ನೂ ಕಲಸಿ ಸಣ್ಣ ತುಂತುರು ಮಾಡಿ ಹಿಂದಿನವರ ಮುಖಕ್ಕೆ ಎರಚುತ್ತವೆ. ವೈಪರ್ ಇರುವುದರಿಂದ ಎದುರಿನ ಗಾಜು ಬಚಾವು. ದೀಪಕ್ಕೆ ಯಾರಿದ್ದಾರೆ? ತೋಟದ ದಾರಿಯಲ್ಲಂತೂ ಒಂದು ಹೊಂಡಕ್ಕೆ ಮುಂಚಕ್ರ ಇಳಿದರೆ ಸಾಕು, ಎರಡೂ ದೀಪ ಕೆಂಪಗೆ ಮೆತ್ತಿಕೊಳ್ಳುತ್ತವೆ. ಬಲ್ಬಿನ ಬಿಸಿಗೆ ಆ ಕೆಸರು ಅಲ್ಲೇ ಒಣಗಿ ಹಿಡಿದುಬಿಡುತ್ತದೆ. ಆಮೇಲೆ ಮೇಲಿನಿಂದ ಇಳಿಯುವ ಮಳೆಹನಿ ಅದರಲ್ಲಿ ಗೀರು ಎಳೆದೀತೇ ಹೊರತು ತೊಳೆಯಲಾರದು.

ಹಾಗಾದಾಗ ಮಾಡುತ್ತಿದ್ದುದೇನೆಂದರೆ, ಬಿಸಿಲೆ ಘಾಟಿಯ ಯಾವುದೋ ತಿರುವಿನಲ್ಲಿ ಜೀಪು ನಿಲ್ಲಿಸಿ, ಕತ್ತಲಲ್ಲಿ ಇಳಿದು, ಹಳೇ ಬನಿಯನ್ ತುಂಡಿನಿಂದ ದೀಪ ಒರೆಸುವುದು. ಅಷ್ಟರಲ್ಲಿ ಇಂಬಳಗಳು ಪಾದ ಹತ್ತಿ ಮೀನಖಂಡಕ್ಕೆ ತಲುಪಿರುತ್ತವೆ. ದೀಪ ಒರೆಸಿದ ಬಟ್ಟೆಯಲ್ಲೇ ಅವನ್ನೂ ಕಿತ್ತು ಎಸೆದು ಹೊರಡಬೇಕು. ವಾಷರಿನ ಯೋಚನೆಗೆ ಮೂಲ ಕಾರಣ ವಿಜ್ಞಾನವಲ್ಲ, ಇಂಬಳ.

ಕೊಳೆ ದೀಪದ ತೊಂದರೆ ಬೆಳಕು ಕಡಿಮೆಯಾಗುವುದಷ್ಟೇ ಅಲ್ಲ. ಕಾಫಿ ಕಣದ ಗೋಡೆಗೆ ಮುಖಮಾಡಿ ಜೀಪು ನಿಲ್ಲಿಸಿ ಡಿಮ್ ಹಾಕಿ ನೋಡಿ. ಸರಿಯಾಗಿ ಕೂರಿಸಿದ ಎಚ್‌4 ದೀಪವಾದರೆ ಗೋಡೆಯ ಮೇಲೆ ಒಂದು ಗೆರೆ ಕಾಣುತ್ತದೆ: ಕೆಳಗೆ ಬೆಳಕು, ಮೇಲೆ ಕತ್ತಲು. ಆ ಗೆರೆ ಬಲಗಡೆ ಮಟ್ಟಸ, ಎಡಗಡೆ ಸ್ವಲ್ಪ ಮೇಲಕ್ಕೆ ಓರೆ. ನಾವು ಎಡಕ್ಕೆ ಓಡಿಸುವವರು. ಎಡದ ಅಂಚು ದೂರದವರೆಗೆ ಕಾಣಲಿ, ಬಲದಿಂದ ಎದುರು ಬರುವವನ ಕಣ್ಣಿಗೆ ಬಡಿಯದಿರಲಿ ಎಂಬ ಏರ್ಪಾಡು. ಈಗ ಗಾಜಿಗೆ ಒಂದಿಷ್ಟು ಕೆಸರು ಬಳಿಯಿರಿ. ಗೆರೆ ಮಾಯ. ರಸ್ತೆಗೆ ಬೀಳಬೇಕಾದ ಬೆಳಕು ಚೆದುರಿ ಮರದ ತುದಿಗೂ ಹೋಗುತ್ತದೆ, ಎದುರಿನವನ ಕಣ್ಣಿಗೂ ಹೋಗುತ್ತದೆ. ನಮಗೆ ಕತ್ತಲು, ಅವನಿಗೆ ಕುಕ್ಕು.

ಇದಕ್ಕೆ ನಮ್ಮ ಜೀಪು ಮಂದಿ ಕಂಡುಕೊಂಡಿರುವ ಪರಿಹಾರವೆಂದರೆ ಇನ್ನಷ್ಟು ದೀಪ. ಬಂಪರಿಗೆ ನಾಲ್ಕು, ಟಾಪಿನ ಮೇಲೆ ಉದ್ದಕ್ಕೊಂದು ಎಲ್‌ಇಡಿ ಬಾರ್. ಮಂಜು ಮುಸುಕಿದ ಘಾಟಿಯಲ್ಲಿ ಆ ಬಾರ್ ಹಾಕಿದರೆ ಬೆಳಕೆಲ್ಲ ಮಂಜಿಗೆ ಬಡಿದು ವಾಪಸು ಬಂದು ಮುಂದೆ ಬಿಳೀ ಗೋಡೆ ಎದ್ದು ನಿಲ್ಲುತ್ತದೆ. ಮಾಂದಲಪಟ್ಟಿಗೋ ಕೊಡಚಾದ್ರಿಗೋ ದಿನವೂ ಪ್ರವಾಸಿಗಳನ್ನು ಹತ್ತಿಸುವ ಜೀಪಿನವರನ್ನು ಕೇಳಿ, ಆ ದಾರಿಯಲ್ಲಿ ಯಾವುದು ಕೆಲಸಕ್ಕೆ ಬರುತ್ತದೆಂದು. ನನ್ನ ಮಟ್ಟಿಗೆ, ಇರುವ ದೀಪವನ್ನು ತೊಳೆದುಕೊಳ್ಳದೆ ಹೊಸ ದೀಪ ತರುವುದು ಶುದ್ಧ ಶೋಕಿ.

ದೀಪ ತೊಳೆಯುವ ಉಪಾಯವೇನೂ ನನ್ನದಲ್ಲ. 1970ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ತನ್ನ 99 ಕಾರಿನ ಹೆಡ್‌ಲೈಟಿಗೆ ಪುಟ್ಟ ವೈಪರನ್ನೂ ನೀರನ್ನೂ ಕೊಟ್ಟಿತು. ಅಲ್ಲಿ ಚಳಿಗಾಲದಲ್ಲಿ ಹಗಲು ಎಂಬುದೇ ಅಪರೂಪ, ರಸ್ತೆಯ ತುಂಬ ಹಿಮದ ರಾಡಿ. ಮುಂದೆ ಗಾಜಿನ ಬದಲು ಪಾಲಿಕಾರ್ಬೊನೇಟ್ ಮುಚ್ಚಳ ಬಂದಾಗ ವೈಪರ್ ಉಜ್ಜಿ ಗೀರು ಬೀಳತೊಡಗಿತು. ವೈಪರ್ ಹೋಗಿ ಬರೀ ನೀರಿನ ಜೋರು ಉಳಿಯಿತು. ಝೆನಾನ್ ದೀಪಗಳು ಬಂದ ಮೇಲೆ ಯುರೋಪಿನಲ್ಲಿ ನಿಯಮವೇ ಆಯಿತು: ಡಿಮ್ ದೀಪದ ಬಲ್ಬು 2000 ಲ್ಯೂಮೆನ್ ದಾಟಿದರೆ ತೊಳೆಯುವ ಸಾಧನ ಇರಲೇಬೇಕು. ಎಚ್‌4 ಬಲ್ಬು ಡಿಮ್‌ನಲ್ಲಿ ಕೊಡುವುದು ಸುಮಾರು 1000 ಲ್ಯೂಮೆನ್. ಆ ನಿಯಮದ ಪ್ರಕಾರವೂ ನನ್ನ ಜೀಪಿಗೆ ವಾಷರ್ ಬೇಕಿಲ್ಲ. ಯಾವ ಕಾನೂನೂ ಕೇಳದ್ದನ್ನು ಮೈಮೇಲೆ ಎಳೆದುಕೊಳ್ಳುವುದರಲ್ಲೇ ಹವ್ಯಾಸದ ರುಚಿಯಿರುವುದು.

ಸಾಮಾನು ಹುಡುಕುವುದು ಇನ್ನೊಂದು ರುಚಿ. ಪೈಪು, ಕ್ಲಾಂಪು, ರಿಲೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಪಂಪಿಗೆ ಮಾತ್ರ ಶಿವಾಜಿನಗರದ ಗುಜರಿಗೇ ಹೋಗಬೇಕಾಯಿತು. ಎದುರಿನ ಗಾಜಿಗೆ ನೀರು ಹೊಡೆಯುವ ಸಾಮಾನ್ಯ ಪಂಪು ಈ ಕೆಲಸಕ್ಕೆ ಸಾಲದು. ಅಲ್ಲಿ ವೈಪರ್ ಉಜ್ಜುತ್ತದೆ, ನೀರು ನೆನೆಸಿದರೆ ಸಾಕು. ಇಲ್ಲಿ ಉಜ್ಜುವ ಕೆಲಸವೂ ನೀರಿನದೇ. ಯಾವುದೋ ದೊಡ್ಡ ಕಾರಿನಿಂದ ಬಿಚ್ಚಿದ ಪಂಪನ್ನು ಅಂಗಡಿಯವನು ಬುಟ್ಟಿಯಿಂದ ಹೆಕ್ಕಿ ಕೊಡುತ್ತಾ, “ಯಾವ್ ಗಾಡಿಗೆ ಸಾರ್?” ಎಂದ. “ಜೀಪಿಗೆ” ಎಂದೆ. ಒಮ್ಮೆ ನನ್ನ ಮುಖ ನೋಡಿ, ಕೇಳದೆಯೇ ನೂರು ರೂಪಾಯಿ ಇಳಿಸಿದ.

ಪಂಪನ್ನು ಮೊದಲು ಬಕೆಟ್ಟಿನಲ್ಲಿ ಪರೀಕ್ಷೆ ಮಾಡಬೇಕು. ನೀರಿಗಿಟ್ಟು, ಎರಡು ವೈರನ್ನು ಬ್ಯಾಟರಿಗೆ ತಾಗಿಸಿದರೆ ‘ಝುಂಯ್’ ಎನ್ನುತ್ತದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೂ ಮೋಟಾರು ತಿರುಗುತ್ತದೆ, ನೀರು ಮಾತ್ರ ಸೋಮಾರಿಯಾಗಿ ಬರುತ್ತದೆ. ಸರಿಯಾದ ದಿಕ್ಕಿಗೆ ತಿರುಗಿದಾಗ ಅಂಗಳದಾಚೆಯ ಸೀಬೆಮರಕ್ಕೆ ತಾಕಿತು. ಇಂಥ ಪಂಪು ತಾನಾಗಿ ನೀರು ಎಳೆದುಕೊಳ್ಳುವುದಿಲ್ಲ, ನೀರು ತಾನೇ ಬಂದು ಅದರೊಳಗೆ ಬೀಳಬೇಕು. ಹಾಗಾಗಿ ಟ್ಯಾಂಕಿನ ತಳದಲ್ಲೇ ತೂತು ಕೊರೆದು, ರಬ್ಬರ್ ಗ್ರಾಮೆಟ್ ಕೂರಿಸಿ, ಅದಕ್ಕೆ ಪಂಪನ್ನು ಒತ್ತಿ ಸಿಕ್ಕಿಸುವುದು. ಐದು ಲೀಟರಿನ ಟ್ಯಾಂಕು ಸೈಲೆನ್ಸರ್ ಕೊಳವೆಯಿಂದ ದೂರ, ಮಡ್‌ಗಾರ್ಡಿನ ಒಳಬದಿಗೆ ಹೋಯಿತು.

ಬಂಪರಿಗೆ ತೂತು ಹೊಡೆಯುವುದೇ ಇಡೀ ಕೆಲಸದ ಹಬ್ಬ. ಜೀಪಿನ ಬಂಪರ್ ಎಂದರೆ ನಿಜವಾದ ಕಬ್ಬಿಣ, ಈಗಿನ ಕಾರುಗಳ ಪ್ಲಾಸ್ಟಿಕ್ ಅಲ್ಲ. ನಾಜಲ್ ಎಲ್ಲಿ ಕೂರಬೇಕು ಎಂಬುದನ್ನು ದೀಪ ನೋಡಿ ತೀರ್ಮಾನಿಸಬೇಕು. ಗಾಜಿನಿಂದ ಒಂದು ಗೇಣು ಮುಂದೆ, ನೀರು ಗಾಜಿನ ಮಧ್ಯಕ್ಕಿಂತ ತುಸು ಮೇಲೆ ಬೀಳುವಂತೆ. ಮೇಲೆ ಬಿದ್ದದ್ದು ಇಳಿಯುತ್ತಾ ಕೆಳಗಿನದನ್ನೂ ತೊಳೆಯುತ್ತದೆ. ಗುರುತು ಹಾಕಿದ ಮೇಲೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು. ಆ ಚಿಕ್ಕ ಕುಳಿಯಿಲ್ಲದಿದ್ದರೆ ಡ್ರಿಲ್ ಬಿಟ್ಟು ಜಾರಿ ಪೇಂಟಿನ ಮೇಲೆಲ್ಲ ಓಡಾಡುತ್ತದೆ. ಮೊದಲು ಸಣ್ಣ ಬಿಟ್ಟು, ಆಮೇಲೆ ದೊಡ್ಡದು, ನಡುನಡುವೆ ಒಂದು ತೊಟ್ಟು ಎಂಜಿನ್ ಆಯಿಲ್. ವೇಗ ಕಡಿಮೆಯಿಟ್ಟು ಭಾರ ಬಿಟ್ಟರೆ ಕಬ್ಬಿಣ ಪುಡಿಯಾಗದೆ, ಚಕ್ಕುಲಿ ಒರಳಿನಿಂದ ಇಳಿದ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಬಿಸಿಬಿಸಿ ಸುರುಳಿ. ಕೈಯಲ್ಲಿ ಮುಟ್ಟಬಾರದು, ಮುಟ್ಟದೆ ಇರಲೂ ಆಗುವುದಿಲ್ಲ. ತೂತಿನ ಅಂಚನ್ನು ಅರದಲ್ಲಿ ಉಜ್ಜಿ ಒಂದು ಕೈ ಪೇಂಟು ಬಳಿಯುವುದನ್ನು ಮರೆಯಬಾರದು. ನಮ್ಮ ಕಡೆ ಜೂನ್ ತಿಂಗಳು ಬರಿ ಕಬ್ಬಿಣ ಕಂಡರೆ ಬಿಡುವುದಿಲ್ಲ.

ಪೈಪು ಎಳೆಯುವಾಗ ಸಣ್ಣದೊಂದು ಜಾಣತನ ಬೇಕು. ಟಿ ಜಾಯಿಂಟಿನಿಂದ ಎರಡು ದೀಪಕ್ಕೆ ಹೋಗುವ ಪೈಪುಗಳು ಸಮಸಮ ಉದ್ದ ಇರಬೇಕು, ಇಲ್ಲದಿದ್ದರೆ ಹತ್ತಿರದ ದೀಪಕ್ಕೆ ಅಭಿಷೇಕ, ದೂರದ್ದಕ್ಕೆ ತೀರ್ಥ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾಗಿಸಿದರೆ ನಾಜಲಿನ ಹಲ್ಲಿನ ಮೇಲೆ ಸಲೀಸಾಗಿ ಏರುತ್ತದೆ. ತಣ್ಣಗಾದ ಮೇಲೆ ಎಳೆದರೂ ಬಾರದು. ನಡುವೆ ನಾನ್-ರಿಟರ್ನ್ ವಾಲ್ವ್ ಒಂದಿರಲಿ. ಅದಿಲ್ಲದಿದ್ದರೆ ಪೈಪಿನಲ್ಲಿದ್ದ ನೀರೆಲ್ಲ ಟ್ಯಾಂಕಿಗೆ ಹಿಂದಿರುಗಿ, ಗುಂಡಿ ಒತ್ತಿದಾಗ ಮೊದಲು ಬರೀ ಗಾಳಿ ಕೆಮ್ಮುತ್ತದೆ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇಯ 30, ಅದರ 87ರಿಂದ ಪಂಪು. 86ಕ್ಕೆ ಹೆಡ್‌ಲೈಟಿನ ವೈರು, 85ರಿಂದ ಗುಂಡಿಯ ಮೂಲಕ ಅರ್ಥ್. ಹೀಗೆ ಕೊಟ್ಟರೆ ದೀಪ ಉರಿಯುವಾಗ ಮಾತ್ರ ಪಂಪು ಓಡುತ್ತದೆ, ಮಕ್ಕಳು ಹಗಲು ಒತ್ತಿ ಆಟವಾಡಿದರೂ ನೀರು ಉಳಿಯುತ್ತದೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ದೂರವಿಟ್ಟರೆ ನಡುವಿನ ವೈರಿಗೆ ಕಾವಲಿಲ್ಲ.

ಪರೀಕ್ಷೆಯ ಸಂಜೆ ಮಗಳು ಅಡಿಕೆ ತೋಟದ ಕಾಲುವೆಯಿಂದ ಕೆಸರು ತಂದು ಎರಡು ದೀಪಕ್ಕೂ ಮನಸಾರೆ ಮೆತ್ತಿದಳು. ಅದು ಒಣಗಲೆಂದು ದೀಪ ಹಾಕಿಟ್ಟು ಕಾಫಿ ಕುಡಿದೆವು. ಗೌಡ್ರೂ ಬಂದು ಜಗಲಿಯಲ್ಲಿ ಕೂತರು. ಮೊದಲ ಸಲ ಒತ್ತಿದಾಗ ಕೆಸರಿನಲ್ಲಿ ನಾಲ್ಕಾರು ಗೀರು ಬಿದ್ದವು, ಅಷ್ಟೆ. ಗೌಡ್ರು ಮೀಸೆಯಡಿ ನಕ್ಕರು. ಆದರೆ ಇದರ ಗುಟ್ಟಿರುವುದು ಎರಡನೇ ಸಲದಲ್ಲಿ. ಮೊದಲ ನೀರು ನೆನೆಸಲಿಕ್ಕೆ, ಒಂದೆರಡು ಉಸಿರು ತಡೆದು ಕೊಡುವ ನೀರು ಕೀಳಲಿಕ್ಕೆ. ಮತ್ತೆ ಒತ್ತಿದೆ. ನೆನೆದ ಕೆಸರು ಹಾಳೆಹಾಳೆಯಾಗಿ ಕಳಚಿ ಬಂಪರಿನ ಮೇಲೆ ಬಿತ್ತು. ಎದುರಿನ ಗೋಡೆಯ ಮೇಲೆ ಎಡಕ್ಕೆ ಓರೆಯಾದ ಆ ಗೆರೆ ನಿಚ್ಚಳವಾಗಿ ಮೂಡಿತು. “ನಮ್ ಗಾಡಿಗೂ ಒಂದು ಕೂರ್ಸಾಣ ಮಾರಾಯಾ” ಎಂದರು ಗೌಡ್ರು. ಅವರದು ಹೊಸ ಕಾರು, ಬಂಪರ್ ಪ್ಲಾಸ್ಟಿಕ್ಕು. ಇನ್ನೂ ಯೋಚಿಸುತ್ತಿದ್ದೇನೆ.

ನಿಭಾಯಿಸುವುದು ಕಷ್ಟವಿಲ್ಲ. ಸ್ವೀಡನ್ನಿನವರಿಗೆ ನೀರು ಹೆಪ್ಪುಗಟ್ಟುವ ಚಿಂತೆ, ನಮಗೆ ಪಾಚಿಯದು. ಬಿಳೀ ಟ್ಯಾಂಕಿಗೆ ಬಿಸಿಲು ಬಿದ್ದರೆ ಬೇಗ ಕಟ್ಟುತ್ತದೆ. ನೀರಿಗೆ ಶಾಂಪೂವಿನ ಒಂದು ಸ್ಯಾಶೆಯಲ್ಲಿ ಕಾಲುಭಾಗ ಬೆರೆಸಿದರೆ ಸಾಕು, ಇಡೀ ಸುರಿದರೆ ದೀಪ ನೊರೆಗಡ್ಡ ಬಿಟ್ಟುಕೊಳ್ಳುತ್ತದೆ. ಹಳ್ಳದ ನೀರು ತುಂಬಬೇಡಿ, ಮರಳು ನಾಜಲಿನ ಬಾಯಿ ಕಟ್ಟುತ್ತದೆ. ಖಾಲಿ ಟ್ಯಾಂಕಿನಲ್ಲಿ ಪಂಪು ಓಡಿಸಬೇಡಿ. ಇಷ್ಟೆಲ್ಲ ಕೂರಿಸಿಕೊಂಡ ಮೇಲೆ ಘಾಟಿಯಲ್ಲಿ ಎದುರು ಗಾಡಿ ಕಂಡರೆ ದಯವಿಟ್ಟು ಡಿಮ್ ಮಾಡಿ. ಚೊಕ್ಕವಾದ ಗಾಜಿನಿಂದ ಬರುವ ಹೈ ಬೀಮ್ ಮೊದಲಿಗಿಂತ ಜೋರಾಗಿ ಕುಕ್ಕುತ್ತದೆ, ಅದನ್ನು ಡಿಮ್ ಮಾಡುವ ವಾಷರನ್ನು ಇನ್ನೂ ಯಾರೂ ಮಾಡಿಲ್ಲ.