ನಮ್ಮ ಬಾಲಿಕೆಯರೂ ಬಾಸ್ಕೆಟ್‌ಬಾಲ್ ಆಟವೂ

ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತುಗಳನ್ನು ಬರೆದು ಕಳುಹಿಸಬೇಕೆಂದು ಶಾಲೆಯ ಉಪಾಧ್ಯಾಯಿನಿಯರು ನಮಗೆ ಅಪ್ಪಣೆಮಾಡಿರುವರು. ಹಳೆಯ ವಿದ್ಯಾರ್ಥಿನಿಯರು ಇಂತಹ ಸಂದರ್ಭದಲ್ಲಿ ಪ್ರಾರ್ಥನೆಯ ಘಂಟೆ, ಬೋರ್ಡಿಂಗಿನ ಊಟ, ಮಿಸ್ಸಮ್ಮನವರ ಶಿಸ್ತು ಮುಂತಾದುವನ್ನು ಕುರಿತು ಬರೆಯುವುದು ವಾಡಿಕೆ. ನಾವಾದರೋ ಆಟದ ಬಯಲನ್ನು ಕುರಿತು ಬರೆಯಲಿಚ್ಛಿಸುವೆವು. ನಮ್ಮ ಜೀವಮಾನದಲ್ಲಿ ನಾವು ಮಾಡಿದ ಒಂದು ದೊಡ್ಡ ತಪ್ಪಿಗೂ ಆ ಬಯಲಿಗೂ ಸಂಬಂಧವುಂಟು.

ನಮ್ಮ ಊರು ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಣ ರಾಜೇಶ್ವರ. ಜೋಳ, ತೊಗರಿಗಳನ್ನು ಬೆಳೆವ ಮನೆತನ. 1966ನೆಯ ಇಸವಿಯಲ್ಲಿ ನಾವು ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು ಬೋರ್ಡಿಂಗಿಗೆ ಬಂದಾಗ ನಮಗೆ ಹದಿನಾಲ್ಕು ವರ್ಷ. ಅಲ್ಲಿ ಮೊರಮಿನ ಬಯಲಿನ ಎರಡು ತುದಿಗಳಲ್ಲಿ ಮರದ ಕಂಬ, ಕಂಬಕ್ಕೆ ಹಲಗೆ, ಹಲಗೆಗೆ ಕಬ್ಬಿಣದ ಬಳೆ. ಪರಕಾರದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಿನಲ್ಲಿ ಆಡುತ್ತಿದ್ದೆವು. ಗುಂಪಿನಲ್ಲಿ ನಾವೇ ಗಿಡ್ಡವರು. ಆದುದರಿಂದ ಡ್ರಿಲ್ಲಿನ ಅಮ್ಮನವರು ನಮ್ಮನ್ನು ಗಾರ್ಡ್ ಎಂದು ನಿಲ್ಲಿಸಿ, ನಡುಗೆರೆಯನ್ನು ದಾಟಕೂಡದೆಂದು ಕಟ್ಟಪ್ಪಣೆ ಮಾಡಿದರು. ಎದುರಾಳಿಯ ಕೈಯಿಂದ ಚೆಂಡನ್ನು ತಪ್ಪಿಸಿ ಮುಂದಿನವರಿಗೆ ಕೊಡುವುದೇ ನಮ್ಮ ಕರ್ತವ್ಯ. ಬುಟ್ಟಿಗೆ ಎಸೆಯುವುದು ಇತರರ ಭಾಗ್ಯ.

ಒಂದು ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಂಡು ನಮ್ಮ ಕೈಗೆ ಸಿಕ್ಕಿತು. ಎದುರಿಗೆ ಒಬ್ಬರೂ ಇಲ್ಲ, ದಾರಿಯೆಲ್ಲ ತೆರೆದಿತ್ತು. ಓಡಿದೆವು, ಗೆರೆಯ ಬಳಿಗೆ ಬಂದು ನಿಂತುಬಿಟ್ಟೆವು! ಮುಂದಿನವಳು ಬಂದು ಚೆಂಡನ್ನು ತೆಗೆದುಕೊಳ್ಳುವಷ್ಟರಲ್ಲಿ ಸೀಟಿ ಊದಿತು. ಒಂದು ಬುಟ್ಟಿಯಿಂದ ಸೋತೆವು. ವಿಧೇಯಳಾಗಿದ್ದೆಯೆಂದು ಅಮ್ಮನವರು ನಮ್ಮನ್ನು ಹೊಗಳಿದರು. ಆ ಹೊಗಳಿಕೆ ನಮಗೆ ಬಹುಕಾಲ ಸಿಹಿಯಾಗಿಯೇ ಇದ್ದಿತು.

ಈ ಗೆರೆಯ ಚರಿತ್ರೆಯನ್ನು ನಾವು ತಿಳಿದುದು ಮುಪ್ಪಿನಲ್ಲಿ. ದೈವಶಾಸ್ತ್ರವನ್ನು ಓದಿದ ಜೇಮ್ಸ್ ನೇಸ್ಮಿತ್ ಎಂಬ ಉಪಾಧ್ಯಾಯರು 1891ರ ಡಿಸೆಂಬರಿನಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿಯೇ ಆಡಬಹುದಾದ ಆಟವೊಂದನ್ನು ಕಲ್ಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳೇ ಮೊದಲನೆಯ ಗುರಿಗಳು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಮಹಿಳೆಯು ಇದನ್ನು ಹೆಣ್ಣುಮಕ್ಕಳಿಗೆ ಕಲಿಸಿದಳು. ಆದರೆ ಅವರಿಗೆ ಅತಿಯಾದ ಆಯಾಸವಾಗಬಾರದೆಂದು ಬಯಲನ್ನು ಮೂರು ಭಾಗ ಮಾಡಿ, ತನ್ನ ಭಾಗವನ್ನು ಬಿಟ್ಟು ಯಾರೂ ಕದಲಕೂಡದೆಂದು ವಿಧಿಸಿದಳು. ಮುಂದೆ ಮೂರು ಹೋಗಿ ಎರಡಾದುವು. ಆಗಲೂ ಗಾರ್ಡ್‌ಗಳು ಬುಟ್ಟಿಗೆ ಎಸೆಯುವಂತಿರಲಿಲ್ಲ. ಅಯೋವಾ ಸಂಸ್ಥಾನದ ಹೈಸ್ಕೂಲುಗಳಲ್ಲಿ ಈ ಪದ್ಧತಿಯು 1993ರವರೆಗೂ ಉಳಿದಿತ್ತು. ನಮ್ಮ ದೇಶದಲ್ಲಿಯೂ ವೈ.ಎಂ.ಸಿ.ಎ. ಸಂಸ್ಥೆಯೇ ಈ ವಿದ್ಯೆಗೆ ಆಶ್ರಯ. ಹ್ಯಾರಿ ಕ್ರೋ ಬಕ್ ಎಂಬ ಮಹನೀಯರು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ಶಾಲೆಯನ್ನು ಸ್ಥಾಪಿಸಿದರು.

ದೈವವಿಲಾಸವನ್ನು ನೋಡಿರಿ! ಅದೇ ಅಯೋವಾದಲ್ಲಿ 2002ರಲ್ಲಿ ಹುಟ್ಟಿದ ಕೇಟ್ಲಿನ್ ಕ್ಲಾರ್ಕ್ ಎಂಬ ಗಾರ್ಡ್, ಅಲ್ಲಿಯ ವಿಶ್ವವಿದ್ಯಾಲಯಕ್ಕಾಗಿ ನಾಲ್ಕು ವರ್ಷ ಆಡಿ, 2024ರಲ್ಲಿ ಮುಗಿಸಿದಾಗ 3,951 ಅಂಕಗಳನ್ನು ಗಳಿಸಿದ್ದಳು. ಆ ದೇಶದ ಕಾಲೇಜುಗಳ ಪ್ರಥಮ ಶ್ರೇಣಿಯಲ್ಲಿ ಅದುವರೆಗೆ ಗಂಡಸರಾಗಲಿ ಹೆಂಗಸರಾಗಲಿ ಯಾರೂ ಅಷ್ಟನ್ನು ಗಳಿಸಿರಲಿಲ್ಲ. ಪೀಟ್ ಮರಾವಿಚ್ ಎಂಬಾತನು 1970ರಲ್ಲಿ ನಿಲ್ಲಿಸಿದ್ದ 3,667 ಅಂಕಗಳ ಗಡಿಯನ್ನೂ ಅವಳು ದಾಟಿದಳು. ಯಾವ ನಾಡಿನಲ್ಲಿ ಗಾರ್ಡ್ ಬುಟ್ಟಿಯತ್ತ ಎಸೆಯಕೂಡದೆಂದಿದ್ದರೋ ಆ ನಾಡಿನಲ್ಲಿಯೇ ಇದು ನಡೆಯಿತು.

ಇನ್ನು ನಮ್ಮ ತಪ್ಪಿನ ಸಂಗತಿ. ನಮ್ಮ ಮಗಳೂ ನಮ್ಮಂತೆಯೇ ಗಿಡ್ಡಳು, ನಮ್ಮಂತೆಯೇ ಚುರುಕು. 1994ರಲ್ಲಿ ಅವಳ ಕಾಲೇಜಿನ ತಂಡವು ಪರಜಿಲ್ಲೆಗೆ ಹೊರಟಾಗ ಅವಳನ್ನೂ ಆರಿಸಿದ್ದರು. ಅದೇ ಕಾಲಕ್ಕೆ ಮನೆಗೆ ನೆಂಟಸ್ತಿಕೆಯ ಮಾತು ಬಂದಿತ್ತು. ಅಗಸಿಯ ಕಟ್ಟೆಯ ಮೇಲೆ ಕುಳಿತವರು ಏನೆಂದಾರೋ ಎಂಬ ಭೀತಿ ನಮಗೆ. ಅವಳ ತಂದೆಯು ಸುಮ್ಮನಿದ್ದರು, ಬೇಡವೆಂದವರು ನಾವೇ. ಅವಳು ಅಳಲಿಲ್ಲ, ವಾದಿಸಲೂ ಇಲ್ಲ. ಕ್ಯಾನ್ವಾಸ್ ಬೂಟುಗಳನ್ನು ತೊಳೆದು ಬಿಸಿಲಿಗಿಟ್ಟು, ಒಣಗಿದ ಮೇಲೆ ಪಕ್ಕದ ಮನೆಯ ಹುಡುಗಿಗೆ ಕೊಟ್ಟುಬಂದಳು. ಆ ನೆಂಟಸ್ತಿಕೆಯೂ ಕೂಡಿಬರಲಿಲ್ಲ. ಮುಂದೆ ಬೇರೆ ಕಡೆ ಒಳ್ಳೆಯ ಮನೆಯನ್ನೇ ಸೇರಿ ಸುಖವಾಗಿರುವಳು. ಆದರೂ ಆಟದ ಮಾತನ್ನು ನಮ್ಮೆದುರು ಅವಳು ಮತ್ತೆ ಎತ್ತಲಿಲ್ಲ. ಆ ಮೌನವು ಇಪ್ಪತ್ತೊಂಬತ್ತು ವರ್ಷ ನಡೆಯಿತು.

2023ರಲ್ಲಿ ಅವಳ ಮಗಳು ಕಾಲೇಜು ಸೇರಿ, ತಂಡದಲ್ಲಿ ಗಾರ್ಡ್ ಆಗಿ ಆಡುವೆನೆಂದು ಹಟಹಿಡಿದಾಗ, ನಮ್ಮ ಮಗಳು ರಾಜೇಶ್ವರಕ್ಕೆ ಬಂದಳು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ನಮ್ಮ ಮುಖವನ್ನು ನೋಡದೆಯೇ, "ಅವ್ವಾ, ಈಕಿನ್ನ ಕಳಸ್ಲ್ಯೋ ಬ್ಯಾಡೋ?" ಎಂದಳು. "ನಿನ್ನ ಮಗಳು, ನಿನ್ನ ಇಷ್ಟ" ಎಂದೆವು. "ಇಲ್ಲವ್ವಾ, ನಿನ್ನ ಬಾಯಿಂದೇ ಕೇಳಬೇಕಾಗ್ಯಾದ" ಎಂದಳು. ಒಲೆಯ ಮೇಲಿನ ರೊಟ್ಟಿಯು ಸೀದುಹೋಗುವವರೆಗೆ ನಮಗೆ ಮಾತೇ ಹೊರಡಲಿಲ್ಲ. ಬಳಿಕ, "ಕಳಸು. ಅವತ್ತು ನಿನಗ ಬ್ಯಾಡಂದದ್ದು ನನ್ನ ತಪ್ಪು" ಎಂದೆವು. ಅವಳು ಸೀದ ರೊಟ್ಟಿಯನ್ನು ತೆಗೆದಿಟ್ಟು ಇನ್ನೊಂದನ್ನು ಬಡಿಯತೊಡಗಿದಳು. ಆದರೆ ಕೈಗಳು ನಡುಗುತ್ತಿದ್ದುವು.

ಮೊಮ್ಮಗಳ ಏಳಿಗೆಯು ಪತ್ರಿಕೆಗಳಲ್ಲಿ ಅಚ್ಚಾಗುವಂತಹುದಲ್ಲ. ಮೊದಲನೆಯ ವರ್ಷ ಬಹುತೇಕ ಬೆಂಚಿನ ಮೇಲೆಯೇ ಕುಳಿತಳು. ನಸುಕಿನಲ್ಲೆದ್ದು ಎಡಗೈಯೊಂದರಿಂದಲೇ ಚೆಂಡನ್ನು ಪುಟಿಸುವುದನ್ನು ಕಲಿತಳು. ಗಾರ್ಡ್ ಆದವಳು ಚೆಂಡನ್ನು ನೋಡದೆಯೇ ಪುಟಿಸಬೇಕಂತೆ, ಕಣ್ಣುಗಳು ಬಯಲನ್ನೆಲ್ಲ ನೋಡಬೇಕಂತೆ. ಎಂಟು ಸೆಕೆಂಡುಗಳೊಳಗೆ ನಡುಗೆರೆಯನ್ನು ದಾಟಿಸಬೇಕು, ಇಪ್ಪತ್ತನಾಲ್ಕು ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಬೇಕು. ನಮ್ಮ ಕಾಲದಲ್ಲಿ ಗೆರೆಯನ್ನು ದಾಟುವುದು ನಮಗೆ ಅಪರಾಧವಾಗಿತ್ತು. ಈಗ ಸಕಾಲಕ್ಕೆ ದಾಟದಿರುವುದೇ ಅಪರಾಧ! ಎರಡನೆಯ ವರ್ಷ ತಂಡದ ಆಟವನ್ನು ನಡೆಸುವ ಹೊಣೆ ಅವಳದಾಯಿತು.

ನಾವೂ ನಮ್ಮ ಮಗಳೂ ಒಂದು ಪಂದ್ಯಕ್ಕೆ ಹೋಗಿದ್ದೆವು. ತನ್ನ ಬುಟ್ಟಿಯ ಬಳಿಯಲ್ಲಿ ಎದುರಾಳಿಯ ಚೆಂಡನ್ನು ಅಪಹರಿಸಿ ಅವಳು ಒಬ್ಬಳೇ ಓಡಿದಳು. ನಮ್ಮ ಎದೆ ಡವಗುಟ್ಟಿತು. ಗೆರೆಯನ್ನು ದಾಟಿಹೋದಳು. ಎಸೆದ ಚೆಂಡು ಬಳೆಗೆ ತಾಗಿ ಹೊರಗೆ ಬಿದ್ದಿತು. ಅವಳು ತಟಕ್ಕನೆ ತಿರುಗಿ, ಹಿಂದಕ್ಕೆ ಓಡಿ ಕಾವಲು ನಿಂತಳು. ನಮ್ಮ ಮಗಳು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಳು; ನಾವೂ ತಟ್ಟಿದೆವು.

ಪೋಷಕ ಮಹಾಶಯರೇ, ಇದು ದೂರದೇಶದವರಿಗೆ ಮಾತ್ರ ಮೀಸಲಾದ ಮಾತಲ್ಲ. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಆಟದ ಬಲದಿಂದಲೇ ಅಮೆರಿಕೆಯ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಸೇರಿದಳು. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಕಜಾಕಸ್ತಾನವನ್ನು 75-73ರಿಂದ ಗೆದ್ದು ಏಷ್ಯಾ ಕಪ್ಪಿನ ಮೇಲಿನ ವಿಭಾಗಕ್ಕೆ ಏರಿದಾಗ, ಕರ್ನಾಟಕದ ನವನೀತಾ ಆ ತಂಡದಲ್ಲಿದ್ದಳು. ಅದೇ ತಂಡದ ಅನಿತಾ ಪಾಲ್‌ದುರೈ ತಾಯಿಯಾದ ಮೇಲೂ ಆಡಿದವರು. 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ನೆಂಟಸ್ತಿಕೆಯ ಭೀತಿಯಿಂದ ಆಟವನ್ನು ಬಿಡಿಸುವ ತಾಯಂದಿರು ಈ ಕಡೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿ ನಮ್ಮ ಬಿನ್ನಹ ಇಷ್ಟೇ. ಶಾಲೆಗೆ ಕಾಣಿಕೆ ಕೊಡುವಾಗ ಆಟದ ಬಯಲನ್ನು ಮರೆಯದಿರಿ. ನಿಮ್ಮ ಊರಿನ ಹುಡುಗಿಯು ಪರಸ್ಥಳಕ್ಕೆ ಆಡಲು ಹೊರಟಾಗ ಅವಳ ತಾಯಿಯ ಬಳಿಗೆ ಹೋಗಿ, ಅವಳಿಗೆ ಧೈರ್ಯ ಹೇಳಿರಿ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಮನೆಯ ಹೊಸಿಲನ್ನು ದಾಟಿ ಬಂದುದು ನಮ್ಮ ನೆರೆಯ ಕಲ್ಯಾಣಕ್ಕೇ ಅಲ್ಲವೇ?

ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಾವು ಇದೇ ಶಾಲೆಯಲ್ಲಿ ಕಲಿತೆವು. ಆ ಆಳು ಹೂತದ್ದು ತನಗೆ ಕೊಟ್ಟುದನ್ನು. ನಾವು ಹೂತದ್ದು ನಮ್ಮ ಮಗಳಿಗೆ ಕೊಟ್ಟುದನ್ನು. ಆ ಲೆಕ್ಕವನ್ನು ನಾವು ಒಪ್ಪಿಸಲೇಬೇಕಾಗಿದೆ. ಇದನ್ನೋದುವ ತಾಯಂದಿರಿಗೆ ಅಂತಹ ಲೆಕ್ಕವು ಬಾರದಿರಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆವು.