ಸಂಡೂರಿನ ಕನ್ನಡಿ ಬಿಲ್ಲೆ

ಹೊಸಪೇಟೆಯ ನಿಲ್ದಾಣದಲ್ಲಿ ರೈಲಿನಿಂದಿಳಿದ ಯಾತ್ರಿಕರಲ್ಲಿ ಬಹುಮಂದಿಯ ಮುಖ ಈಶಾನ್ಯಕ್ಕೆ, ಹಂಪಿಯ ಕಡೆಗೆ, ತಿರುಗಿರುತ್ತದೆ. ಹನ್ನೆರಡು ಹದಿಮೂರು ಕಿಲೋಮೀಟರುಗಳ ಅಂತರದಲ್ಲಿ ಒಂದು ಸಾಮ್ರಾಜ್ಯದ ರಾಜಧಾನಿಯೇ ಬಯಲಲ್ಲಿ ಬಿದ್ದುಕೊಂಡಿರುವಾಗ, ಆಗ್ನೇಯದ ಬೆಟ್ಟಗಳ ಮಡಿಲಲ್ಲಿ ಅಡಗಿರುವ ಸಂಡೂರಿನ ಬಸ್ಸು ಯಾವಾಗ ಹೊರಡುತ್ತದೆಂದು ವಿಚಾರಿಸುವವರು ಅಪರೂಪ. ಆದರೂ ಹಂಪಿಯನ್ನು ಸುತ್ತಿ ದಣಿದವನು ಸಂಡೂರಿನ ಕೈಕೆಲಸವನ್ನು ಕಾಣದೆಯೇ ಹಿಂದಿರುಗುತ್ತಾನೆಂದು ಹೇಳುವಂತಿಲ್ಲ. ಹಂಪಿಯ ಬೀದಿಗಳಲ್ಲಿ ಮೈತುಂಬ ಕನ್ನಡಿ ತೊಟ್ಟ ಲಂಬಾಣಿ ಹೆಂಗಸರು ಚೀಲ, ಹಾಸು, ತೋರಣಗಳನ್ನು ಹರಡಿಕೊಂಡು ಕುಳಿತಿರುತ್ತಾರೆ. ಬೇರೂರುಗಳಿಂದ ಬಂದ ಮಹಿಳೆಯರು ಅಲ್ಲಿ ನಿಂತು ಚೌಕಾಸಿ ಮಾಡುತ್ತಾರೆ. ಬಿಲ್ಲೆಯ ಬೆಳಕು ಕಣ್ಣಿಗೆ ಬೀಳುತ್ತದೆ. ಆ ಬಿಲ್ಲೆ ಬಟ್ಟೆಯ ಮೇಲೆ ಹೇಗೆ ನಿಂತಿದೆಯೆಂಬುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ಹಂಪಿಯಲ್ಲಿಯೂ ಇಂಥ ಪ್ರಶ್ನೆಯನ್ನು ಕೇಳಬಹುದು. ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥ ಒಂದೇ ಬಂಡೆಯಲ್ಲಿ ಕೊರೆದದ್ದೆಂದು ಹೇಳುವ ರೂಢಿಯುಂಟು. ವಾಸ್ತವವಾಗಿ ಅದು ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ ಗುಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೂ ಇದೆ, ಇಂದು ಅದಿಲ್ಲ. ಒಮ್ಮೆ ತಿರುಗುತ್ತಿದ್ದ ಚಕ್ರಗಳನ್ನು ಸವೆತದ ಭಯದಿಂದ ಕದಲದಂತೆ ನಿಲ್ಲಿಸಲಾಗಿದೆ. ಪಕ್ಕದ ಮಂಟಪದ ತೆಳ್ಳನೆಯ ನಾದಕಂಬಗಳನ್ನು ಈಗ ತಟ್ಟಗೊಡುವುದಿಲ್ಲ. ಕಲ್ಲಿಗೇ ಇಷ್ಟು ಉಪಚಾರ ಬೇಕಾದರೆ ಕಾಲು ರೂಪಾಯಿ ನಾಣ್ಯದಷ್ಟಗಲದ ಗಾಜಿಗೆ ಎಷ್ಟು ಬೇಕು!

ಸಂಡೂರಿನ ದಾರಿ ಬೆಟ್ಟಗಳ ನಡುವಿನದು. ಮಳೆಗಾಲ ಮುಗಿಯುತ್ತಿದ್ದಂತೆ ಇಳಿಜಾರುಗಳು ಹಸಿರಾಗಿರುತ್ತವೆ. ಅದಿರು ಅಗೆದ ಕಡೆ ನೆಲದ ಮಾಂಸವೇ ತೆರೆದಂತೆ ಕೆಂಪು. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತಕ್ಕೂ 1953ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿತು. 2021ರಲ್ಲಿ ಹೊಸಪೇಟೆ ಹೊಸ ವಿಜಯನಗರ ಜಿಲ್ಲೆಯ ಕೇಂದ್ರವಾದಾಗ ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಮ್ಯಾಂಗನೀಸು ಮತ್ತು ಕಬ್ಬಿಣದ ಅದಿರುಗಳಿಂದ ಹೆಸರಾದ ಊರಿದು. ಹೆಸರು ಕೆಟ್ಟದ್ದೂ ಅದರಿಂದಲೇ. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಸಂಗತಿಯನ್ನು ಮರೆತವರಿಲ್ಲ.

ಈ ಬೆಟ್ಟಗಳ ಸುತ್ತಿನ ತಾಂಡಾಗಳಲ್ಲಿ ಲಂಬಾಣಿಗಳ ವಾಸ. ಎತ್ತುಗಳ ಬೆನ್ನಿನ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ದೇಶದಿಂದ ದೇಶಕ್ಕೆ ನಡೆದ ಜನ ಅವರು. ಮೊಗಲರ ದಂಡು ದಕ್ಷಿಣಕ್ಕೆ ಬಂದಾಗ ಅದರ ಹೊಟ್ಟೆಗೆ ಅನ್ನ ತಂದದ್ದೂ ಇವರ ಹೇರೆತ್ತುಗಳೇ. ರೈಲುಹಳಿ ಬಂದ ಮೇಲೆ ಆ ಬದುಕು ಕುಸಿಯಿತು. ಸಾಲದೆಂಬಂತೆ, 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಲೆಮಾರಿ ಜನವನ್ನೆಲ್ಲ ಶಂಕೆಯಿಂದ ನೋಡುವ ಪದ್ಧತಿಗೆ ಸರಕಾರಿ ಮುದ್ರೆಯನ್ನೊತ್ತಿತು. ಮನೆಯಿಲ್ಲದವರು ಸಂಪತ್ತನ್ನು ಎಲ್ಲಿಡಬೇಕು? ಮೈಮೇಲೆ. ಪೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಬೆನ್ನು ತೆರೆದ ಕುಪ್ಪಸ, ತಲೆಯ ಮೇಲಿನ ಮುಸುಕು. ಇವುಗಳಿಗೇ ಕವಡೆ, ನಾಣ್ಯ, ಮಣಿ, ಗೆಜ್ಜೆ, ಕನ್ನಡಿಗಳನ್ನೆಲ್ಲ ಹೊಲಿದುಕೊಂಡರು. ‘ಕವಡೆ ಕಾಸಿನ ಬೆಲೆಯಿಲ್ಲ’ ಎಂದು ಕನ್ನಡಿಗರು ಯಾವುದನ್ನಾದರೂ ಹೀಗಳೆಯುವಾಗ, ಮಾಲ್ಡೀವ್ಸ್ ದ್ವೀಪಗಳ ಕಡಲಿಂದ ಬಂದ ಆ ಕವಡೆ ಒಂದಾನೊಂದು ಕಾಲಕ್ಕೆ ನಿಜವಾದ ನಾಣ್ಯವೇ ಆಗಿತ್ತೆಂಬುದು ನೆನಪಿಗೆ ಬರುವುದಿಲ್ಲ. ಲಂಬಾಣಿಯ ಲಂಗದ ಅಂಚಿನಲ್ಲಿ ಆ ಹಳೆಯ ನಾಣ್ಯ ಚಲಾವಣೆ ತಪ್ಪಿದ ಮೇಲೂ ಉಳಿದುಕೊಂಡಿತು.

ಕವಡೆಯನ್ನು ಹೊಲಿಯುವುದು ಅಷ್ಟೇನೂ ಕಠಿಣವಲ್ಲ. ಉಬ್ಬಿದ ಬೆನ್ನನ್ನು ಉಜ್ಜಿ ಚಪ್ಪಟೆ ಮಾಡಿದರೆ ದಾರ ನುಗ್ಗಲು ಹಾದಿಯಾಗುತ್ತದೆ. ನಾಣ್ಯಕ್ಕೆ ಬೆಸುಗೆಯ ಕೊಂಡಿಯುಂಟು, ಮಣಿಗೆ ಹುಟ್ಟಿನಿಂದಲೇ ತೂತುಂಟು. ತೊಡಕಿರುವುದು ಕನ್ನಡಿಯಲ್ಲಿ.

ಗಾಜಿನ ಬಿಲ್ಲೆಗೆ ತೂತಿಲ್ಲ, ಕೊರೆಯಹೋದರೆ ಒಡೆಯುತ್ತದೆ. ಅಂಟು ಹಾಕಿದರೆ ಬಿಸಿಲಿಗೂ ನೀರಿಗೂ ಒಂದು ದಿನ ಬಿಟ್ಟುಕೊಳ್ಳುತ್ತದೆ. ಅದರ ಅಂಚು ಹರಿತ. ತನ್ನನ್ನು ಹಿಡಿದ ದಾರವನ್ನೇ ಕತ್ತರಿಸಬಲ್ಲುದು. ಗುಜರಾತಿನ ಕಪಡವಂಜದಂಥ ಊರುಗಳಲ್ಲಿ ಗಾಜನ್ನು ಬುಗ್ಗೆಯಂತೆ ಊದಿ, ಒಳಮೈಗೆ ಹೊಳಪಿನ ಲೇಪ ಕೊಟ್ಟು, ಒಡೆದು, ಆ ಚೂರುಗಳಿಂದ ಬಿಲ್ಲೆಗಳನ್ನು ಕತ್ತರಿಸುವ ಕಸಬು ಬೆಳೆದಿತ್ತು. ಹಾಗೆ ಬಂದ ಬಿಲ್ಲೆ ತೆಳು, ಹಗುರ, ತುಸು ಬಾಗಿದ್ದು. ಇಂಥದನ್ನು ನಡೆಯುವ, ಬಾಗುವ, ಕುಣಿಯುವ ಹೆಣ್ಣಿನ ಬಟ್ಟೆಯ ಮೇಲೆ ವರ್ಷಗಟ್ಟಲೆ ನಿಲ್ಲಿಸಬೇಕು.

ಹೊಲಿಯುವಾಕೆ ಮೊದಲು ಅಂಚನ್ನು ಒರಟು ಕಲ್ಲಿಗೋ ಹೆಂಚಿನ ಚೂರಿಗೋ ಉಜ್ಜಿ ಮೊಂಡು ಮಾಡುತ್ತಾಳೆ. ಎಡಗೈಯ ಹೆಬ್ಬೆರಳಿನಿಂದ ಬಿಲ್ಲೆಯನ್ನು ಬಟ್ಟೆಗೆ ಒತ್ತಿ ಹಿಡಿದು, ಅಂಚಿನ ಪಕ್ಕದಿಂದ ಸೂಜಿಯನ್ನು ಮೇಲೆತ್ತಿ, ದಾರವನ್ನು ಗಾಜಿನ ಮುಖದ ಮೇಲೆ ಹಾಯಿಸಿ, ಆಚೆಯ ಅಂಚಿನಲ್ಲಿ ಇಳಿಸುತ್ತಾಳೆ. ಅದಕ್ಕೆ ಸಮನಾಗಿ ಇನ್ನೊಂದು ಎಳೆ. ಬಳಿಕ ಅಡ್ಡವಾಗಿ ಎರಡು, ಮೊದಲಿನ ಎಳೆಗಳಿಗೆ ತೊಡರಿಕೊಂಡು. ಗಾಜಿನ ನಡುವೆ ಈಗ ದಾರದ ಒಂದು ಸಣ್ಣ ಚೌಕ ನಿಂತಿತು. ಇದು ಬರಿಯ ಚೌಕಟ್ಟು. ಸೊಗಸು ಇನ್ನೂ ಬಂದಿಲ್ಲ. ಮುಂದೆ ಸೂಜಿ ಚೌಕದ ಎಳೆಯ ಅಡಿಯಲ್ಲಿ ನುಸುಳಿ ಅದನ್ನು ಹೊರಗೆಳೆಯುತ್ತದೆ, ಅಂಚಿನಾಚೆಯ ಬಟ್ಟೆಯನ್ನು ಒಂದಿಷ್ಟೇ ಕಚ್ಚುತ್ತದೆ, ಕುಣಿಕೆ ಹಾಕಿಕೊಂಡು ಮತ್ತೆ ಒಳಗೆ ಬರುತ್ತದೆ. ಹೀಗೆ ಸುತ್ತಲೂ. ಒಂದೊಂದು ಎಳೆತಕ್ಕೂ ನಡುವಿನ ಚೌಕ ಅಗಲವಾಗಿ, ದುಂಡಗಾಗಿ, ಕೊನೆಗೆ ಅಂಚಿನ ಮೇಲೆ ದಪ್ಪ ಬಳೆಯಾಗಿ ಕೂರುತ್ತದೆ. ಮುಚ್ಚಿದ ರೆಪ್ಪೆ ತೆರೆದಂತೆ ಕನ್ನಡಿ ಕಣ್ಣು ಬಿಡುತ್ತದೆ.

ಜಾಣತನವೆಲ್ಲ ಇರುವುದು ಮೊದಲ ನಾಲ್ಕು ಎಳೆಗಳಲ್ಲಿ. ಅವನ್ನು ಅಂಚಿಗೆ ತೀರ ಹತ್ತಿರ ಹಾಕಿದರೆ ಹೊರಗೆಳೆದಾಗ ಜಾರಿ ಬಿದ್ದು ಬಿಲ್ಲೆ ಕೈಗೆ ಬರುತ್ತದೆ. ನಡುವಿಗೆ ತೀರ ಹತ್ತಿರವಾದರೆ ಕನ್ನಡಿಯ ಬಹುಪಾಲು ದಾರದಲ್ಲಿಯೇ ಮುಚ್ಚಿಹೋಗುತ್ತದೆ. ಸಡಿಲವಾದರೆ ಗಾಜು ಅಲುಗಾಡಿ ದಾರವನ್ನು ದಿನದಿನವೂ ತಿನ್ನುತ್ತದೆ. ಬಿಗಿ ಹೆಚ್ಚಾದರೆ, ಕೆಲಸ ಇನ್ನೇನು ಮುಗಿಯಿತೆನ್ನುವಾಗ, ಟಿಕ್ಕೆಂಬ ಸಣ್ಣ ಸದ್ದು. ಒಡೆದದ್ದಕ್ಕೆ ತೇಪೆಯಿಲ್ಲ. ದಾರವನ್ನೆಲ್ಲ ಕತ್ತರಿಸಿ, ಚೂರನ್ನು ತೆಗೆದು, ಮೊದಲಿನಿಂದ ಆರಂಭಿಸಬೇಕು. ಕೈಯಿಂದ ಪೆನ್ನು ಕಟ್ಟುವವರಿಗೂ ಗಡಿಯಾರ ರಿಪೇರಿಯವರಿಗೂ ಇದು ಪರಿಚಿತವಾದ ಸಂಕಟ: ಕೊನೆಯ ಅರ್ಧ ಸುತ್ತಿನಲ್ಲಿಯೇ ತಿರುಪು ಮುರಿಯುತ್ತದೆ, ಕೊಳವೆ ಸೀಳುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬೆರಳಿಗೆ ಬೆರಳೇ ಕಲಿಸಬೇಕು.

ಸಣ್ಣ ಸಾಮಾನು ದೊಡ್ಡ ಕೆಲಸವನ್ನು ಕೆಡಿಸಬಲ್ಲುದೆಂದು ಹೊಸಪೇಟೆಯವರಿಗಂತೂ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಅರವತ್ತು ಅಡಿ ಅಗಲದ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಒಂದೊಂದಾಗಿ ಇಳಿಸಿ ಅದನ್ನು ಮುಚ್ಚಲು ಒಂದು ವಾರ ಹಿಡಿಯಿತು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಕೆಳಗಿನ ಕಂಪ್ಲಿಯ ಸೇತುವೆ ಮುಳುಗುವುದೂ ವಾಡಿಕೆಯ ಮಾತು. ಕಂಪ್ಲಿಯ ಹೊಳೆಯಲ್ಲಿ ಹರಿಗೋಲು ಇನ್ನೂ ಕಣ್ಣಿಗೆ ಬೀಳುತ್ತದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹದಿನೈದಿಪ್ಪತ್ತು ಜನರನ್ನು ದಾಟಿಸುವ ದೋಣಿಗಳನ್ನು ವರ್ಣಿಸಿದ್ದಾನೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ, ಹೆಣಿಗೆ ಮಾತ್ರ ಅದೇ. ಬಿದಿರಿಗೆ ಮೊಳೆ ಹೊಡೆದರೆ ಸೀಳುತ್ತದೆ, ಆದುದರಿಂದ ಹೆಣೆಯಬೇಕು. ಗಾಜಿನ ನ್ಯಾಯವೇ ಇಲ್ಲಿಯೂ.

ಮತ್ತೆ ಸಂಡೂರಿಗೆ ಬರೋಣ. 1980ರ ದಶಕದಲ್ಲಿ ಇಲ್ಲಿ ಸಂಡೂರು ಕುಶಲಕಲಾ ಕೇಂದ್ರ ಆರಂಭವಾಯಿತು. ತಾಂಡಾದ ಹೆಂಗಸರು ತಮಗಾಗಿ ಹೊಲಿದುಕೊಳ್ಳುತ್ತಿದ್ದುದನ್ನು ಪೇಟೆಗಾಗಿ ಹೊಲಿಯತೊಡಗಿದರು. ಕಿಲಣ, ವೇಲೆ, ಮಾಕಿ, ರೇಲೋ, ಭೂರಿಯಾ, ನಾಕ್ರಾ ಮೊದಲಾಗಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಟ್ಟು ಎಣಿಸುತ್ತಾರೆ. ಯುನೆಸ್ಕೋದ ಉತ್ಕೃಷ್ಟತಾ ಮುದ್ರೆ 2004ರಲ್ಲಿಯೂ 2012ರಲ್ಲಿಯೂ ದೊರೆಯಿತು. ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ಬಂತು. 2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ವಿಭಾಗದ ಸಭೆ ಹಂಪಿಯಲ್ಲಿ ಸೇರಿದಾಗ, 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1755 ಕೈವಸ್ತುಗಳನ್ನು ಒಂದೆಡೆ ಹರಡಿ ಗಿನ್ನೆಸ್ ದಾಖಲೆಯನ್ನೂ ಪಡೆದರು.

ಇಷ್ಟಾದರೂ ನಿಶ್ಚಿಂತೆಯೆನ್ನುವಂತಿಲ್ಲ. ತಾಂಡಾಗಳಲ್ಲಿ ಪೇಟಿಯಾ ಉಡುವವರು ಹೆಚ್ಚಾಗಿ ಅಜ್ಜಿಯರು. ಮಗಳು ಸೀರೆಗೆ, ಮೊಮ್ಮಗಳು ಚೂಡಿದಾರಕ್ಕೆ ಬಂದಾಯಿತು. ಅದರಲ್ಲಿ ತಪ್ಪೇನೂ ಇಲ್ಲ. ಅಷ್ಟೊಂದು ಭಾರವನ್ನು ಹೊತ್ತು ಬಿಸಿಲಿನಲ್ಲಿ ಕೂಲಿ ಮಾಡೆಂದು ಬಲವಂತಪಡಿಸುವ ಹಕ್ಕು ಪಟ್ಟಣದ ಕಲಾಭಿಮಾನಿಗಿಲ್ಲ. ಆದರೆ ತಾನು ಉಡದ ಬಟ್ಟೆಗೆ ಕನ್ನಡಿ ಕೂರಿಸುವವಳಿಗೆ ಆ ಕೆಲಸ ಹೊಟ್ಟೆಯ ಪಾಡಾಗಿಯೇ ನಿಲ್ಲಬೇಕಲ್ಲವೆ? ಒಂದು ಬಿಲ್ಲೆಗೆ ಹತ್ತಾರು ಕುಣಿಕೆ, ಒಂದು ಚೀಲಕ್ಕೆ ಹತ್ತಾರು ಬಿಲ್ಲೆ. ಎಷ್ಟು ತಾಸು ಹಿಡಿಯಿತೆಂದು ಕೇಳದೆ ಅರ್ಧ ಬೆಲೆಗೆ ಬೇಡುವ ಗಿರಾಕಿ, ಪಕ್ಕದ ಅಂಗಡಿಯಲ್ಲಿ ಯಂತ್ರದಿಂದ ಹೊಲಿದು ಪ್ಲಾಸ್ಟಿಕ್ ಹೊಳಪಿನ ತುಣುಕು ಅಂಟಿಸಿದ ಚೀಲವನ್ನೇ ಹೋಲಿಕೆಗೆ ತೋರಿಸುತ್ತಾನೆ. ಪ್ಲಾಸ್ಟಿಕ್ ಒಡೆಯುವುದಿಲ್ಲ, ನಿಜ. ಕೆಲದಿನಗಳಲ್ಲಿಯೇ ಗೀರುಬಿದ್ದು ಮಂಕಾಗುತ್ತದೆ. ಗಾಜು ಒಡೆಯುವವರೆಗೂ ಹೊಳೆಯುತ್ತದೆ.

ಇದಕ್ಕಿಂತ ನೋವಿನ ವ್ಯಾಪಾರ ಇನ್ನೊಂದುಂಟು. ಹಳೆಯ ಪೇಟಿಯಾ, ಕಾಂಚಳಿಗಳನ್ನು ವರ್ತಕರು ಕೊಂಡು, ಕತ್ತರಿಸಿ, ತುಂಡು ತುಂಡಾಗಿ ಚೀಲಕ್ಕೂ ಗೋಡೆಯ ಅಲಂಕಾರಕ್ಕೂ ಹಚ್ಚುತ್ತಾರೆ. ಒಬ್ಬಾಕೆ ತನ್ನ ಮದುವೆಗಾಗಿ ವರ್ಷಗಳ ಕಾಲ ಹೊಲಿದದ್ದು ನಾಲ್ಕು ಊರಿನ ನಾಲ್ಕು ಗೋಡೆಗಳಲ್ಲಿ ತೂಗುತ್ತದೆ. ಒಂದೊಂದು ತುಣುಕೂ ಚೆಂದವೇ. ಆದರೆ ಕುಪ್ಪಸದ ತೋಳು ಎಲ್ಲಿ ಮುಗಿಯಿತು, ಯಾವ ಬಿಲ್ಲೆ ಯಾವುದರ ಪಕ್ಕದಲ್ಲಿತ್ತು, ಅಂಚಿಗೆ ಎಷ್ಟು ಕವಡೆ ಬೇಕು ಎಂಬುದನ್ನು ಹೊಸದಾಗಿ ಕಲಿಯುವ ಹುಡುಗಿಗೆ ತೋರಿಸಲು ಇಡಿಯ ಬಟ್ಟೆಯೊಂದೇ ಉಳಿದಿದ್ದ ಪುಸ್ತಕ. ತಾಂಡಾದ ತಾಯಂದಿರಾದರೋ ಹರಿದ ಲಂಗದಿಂದ ಗಟ್ಟಿಯಾಗಿದ್ದ ಕನ್ನಡಿಗಳನ್ನು ಬಿಚ್ಚಿ ಮಗಳ ಬಟ್ಟೆಗೆ ಕೂರಿಸುತ್ತಿದ್ದರು.

ಸಂಡೂರಿಗೋ ಹಂಪಿಗೋ ಹೋಗಿ ಇಂಥ ವಸ್ತುವೊಂದನ್ನು ಮನೆಗೆ ತಂದ ಗೃಹಿಣಿಯರು ಅದನ್ನು ಒಗೆಯುವ ಯಂತ್ರಕ್ಕೆ ಹಾಕದಿರಲಿ, ಕಲ್ಲಿಗಂತೂ ಬಡಿಯಲೇಬಾರದು. ತಣ್ಣೀರಿನಲ್ಲಿ, ಬಣ್ಣ ಬಿಡುವುದೇ ಎಂದು ಮೊದಲು ಒಂದು ಮೂಲೆಯನ್ನು ನೆನೆಸಿ ನೋಡಿ, ಹಿಂಡದೆ ಜಾಲಿಸಿ, ನೆರಳಿನಲ್ಲಿ ಹರಡಬೇಕು. ಮಡಿಸುವಾಗ ಕನ್ನಡಿಯ ಮೇಲೆ ಕನ್ನಡಿ ಕೂರದಂತೆ ನಡುವೆ ಹಳೆಯ ಮಲ್ಲಿನ ಬಟ್ಟೆಯೊಂದನ್ನಿಟ್ಟರೆ ಕ್ಷೇಮ. ಬಿಲ್ಲೆಯ ಸುತ್ತಿನ ದಾರದಲ್ಲಿ ಒಂದೆಳೆ ಬಿಟ್ಟುಕೊಂಡದ್ದು ಕಂಡರೆ ಎಳೆದು ಕಿತ್ತುಹಾಕದೆ ಅಂದೇ ಒಂದು ಗಂಟು ಹಾಕಿಬಿಡಬೇಕು. ಆ ಒಂದು ಎಳೆ ಹೋದರೆ ಮಿಕ್ಕ ಕುಣಿಕೆಗಳು ಒಂದರ ಹಿಂದೊಂದು ಸಡಿಲವಾಗುತ್ತವೆ, ಬಿಲ್ಲೆ ಎಲ್ಲಿ ಬಿತ್ತೆಂದು ಗುಡಿಸುವವಳಿಗೂ ಗೊತ್ತಾಗುವುದಿಲ್ಲ.