ತೂಕದ ಹೊತ್ತು

ಜನವರಿಯ ಸಂಜೆ. ಬಾಬಾಬುಡನ್‌ಗಿರಿಯಿಂದ ಇಳಿದ ಕಡೆಯ ಜೀಪುಗಳು ಅತ್ತಿಗುಂಡಿ ದಾಟಿ ಕೈಮರದ ಕಡೆ ಹೋಗಿಯಾಯಿತು. ಇನ್ನು ಗದ್ದಲವೆಲ್ಲ ತೋಟದ ಕಣದಲ್ಲೇ. ಸಿಲ್ವರ್ ಮರದ ಕೊಂಬೆಗೆ ತಕ್ಕಡಿ ತೂಗುಬಿಟ್ಟಿದ್ದಾರೆ. ಅರೇಬಿಕಾ ಹಣ್ಣಿನ ಚೀಲ ಹೊತ್ತವರ ಸಾಲು, ಅಂಟಂಟು ಅಂಗೈಗಳು, ಪಲ್ಪರ್ ಕಡೆಯಿಂದ ಹುಳಿ ವಾಸನೆ.

“ನಲವತ್ತೆರಡು!” ಮೇಸ್ತ್ರಿ ಕೂಗುತ್ತಾನೆ. ರೈಟರು ಬರೆದುಕೊಳ್ಳುತ್ತಾರೆ.

“ಸರಿಯಾಗಿ ನೋಡಿ ರೈಟ್ರೇ, ನಾಪ್ಪತ್ತಿನಾಲು ಇರ್ಬೇಕು,” ಚೀಲದೊಡತಿಯ ತಕರಾರು.

“ಬಯಾಲೀಸ್ ಹೀ ಹೈ, ದೀದಿ,” ಹಿಂದೆ ನಿಂತ ಅಸ್ಸಾಮಿನ ಹುಡುಗ ನಗುತ್ತಾನೆ. ಘಟ್ಟದ ಕೆಳಗಿನ ಅಜ್ಜ ತುಳುವಿನಲ್ಲಿ ಏನೋ ಗೊಣಗುತ್ತಾರೆ. ಬೈಗುಳವೇ ಇರಬೇಕು, ಸುತ್ತಲಿದ್ದವರು ನಕ್ಕ ರೀತಿ ನೋಡಿದರೆ.

ಇಷ್ಟು ನುಡಿಗಳ ನಡುವೆ ಅಧಿಕಾರದ ಮಾತುಗಳಷ್ಟೂ ಹೊರಗಿನವು. ಮೇಸ್ತ್ರಿ ಪೋರ್ಚುಗೀಸರ ‘ಮೆಸ್ತ್ರೆ’. ಅವರು ಈ ಬೆಟ್ಟವನ್ನೆಂದೂ ಆಳಲಿಲ್ಲ. ಪದವೇ ಕರಾವಳಿಯಿಂದ ಘಟ್ಟ ಹತ್ತಿತು. ರೈಟರ್ ಎಂದರೆ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತ. ಹಾಜರಿ ಅರಬ್ಬಿಯಿಂದ, ಬಟವಾಡೆ ಮರಾಠಿಯಿಂದ ಬಂದದ್ದು. ಹತ್ತೊಂಬತ್ತನೇ ಶತಮಾನದಲ್ಲಿ ತಾಮಸ್ ಕ್ಯಾನನ್‌ನಂಥ ದೊರೆಗಳು ಈ ಗಿರಿಸೀಮೆಯಲ್ಲಿ ತೋಟ ಮಾಡಿದ ಮೇಲೆ ಲೈನ್ ಮನೆಯೂ ಬಂತು, ಬಂಗಲೆಯೂ ಬಂತು. ಹೂ ಅರಳಿಸುವ ಮಳೆಗೆ ಇಂದಿಗೂ ಎರಡು ಹೆಸರು: ಬಂಗಲೆಯಲ್ಲಿ ಬ್ಲಾಸಮ್, ಲೈನಿನಲ್ಲಿ ಹೂಮಳೆ.

ನನಗೆ ಎಲ್ಲಕ್ಕಿಂತ ಸೋಜಿಗ ‘ಕಾಫಿ’ಯದೇ. ಬಾಬಾ ಬುಡನ್ ಹದಿನೇಳನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿ ಹುಟ್ಟಿದ್ದು ಈ ರಸ್ತೆಯ ತುದಿಯಲ್ಲೇ. ಬೀಜ ನೇರ ಬಂತು. ಹೆಸರು ಮಾತ್ರ ಅರಬ್ಬಿಯ ‘ಕಹ್ವಾ’ ಆಗಿ ಹೊರಟು, ತುರ್ಕರು, ಡಚ್ಚರು, ಇಂಗ್ಲಿಷರ ಬಾಯಲ್ಲೆಲ್ಲ ಹೊರಳಿ ಇಲ್ಲಿಗೆ ಮುಟ್ಟಿತು.

ಅಮೆರಿಕದ ಹವಾಯಿಯೂ ಕಾಫಿ ಬೆಳೆಯುವ ಬೆಟ್ಟನಾಡು. ಅಲ್ಲಿನ ಕಬ್ಬಿನ ತೋಟಗಳಲ್ಲಿ ಚೀನಾ, ಜಪಾನು, ಪೋರ್ಚುಗಲ್, ಫಿಲಿಪೀನ್ಸಿನ ಕೂಲಿಯಾಳುಗಳ ನಡುವೆ ಬೆರಕೆ ಮಾತು ಹುಟ್ಟಿ, ಮಕ್ಕಳಿಗೆ ಅದೇ ತಾಯ್ನುಡಿಯಾಯಿತು. ಆದರೆ ಮೇಸ್ತ್ರಿಗೆ ಅಲ್ಲಿ ‘ಲೂನಾ’ ಎನ್ನುತ್ತಿದ್ದರು. ಅದು ಹವಾಯಿಯದೇ ಪದ. ಇಲ್ಲಿ ತಿರುವುಮುರುವು: ಕೂಲಿಯವರ ಮಾತು ಅವರವರ ನುಡಿಯಾಗಿಯೇ ಉಳಿಯಿತು, ಮೇಸ್ತ್ರಿಯ ಹೆಸರು ಕಡಲಾಚೆಯದಾಯಿತು.

ಚೀಲ ಮತ್ತೆ ಕೊಕ್ಕೆಗೇರುತ್ತದೆ. ಮುಳ್ಳು ನಡುಗಿ ನಿಲ್ಲುತ್ತದೆ.

“ನಲವತ್ಮೂರು. ಆಯ್ತಾ ಅಕ್ಕಾ?”

ರೈಟರು ಹಳೆಯ ಅಂಕಿ ಹೊಡೆದು ಪಕ್ಕದಲ್ಲಿ 43 ಎಂದು ಬರೆಯುತ್ತಾರೆ. ಆಕೆ ಬಗ್ಗಿ ಅದನ್ನು ನೋಡಿಯೇ ಖಾಲಿ ಚೀಲ ಮಡಚುತ್ತಾಳೆ.